ಯುಪಿಐ ಜಮೆಯೆಲ್ಲ ತೆರಿಗೆಯ ಲೆಕ್ಕವಲ್ಲ

ಮಾನ್ಯರೇ,

2025ರ ಜುಲೈನಲ್ಲಿ ಯುಪಿಐ ಜಮೆ ಆಧರಿಸಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋದಾಗ ಅನೇಕರು ಕ್ಯೂಆರ್ ಫಲಕವನ್ನೇ ತೆಗೆದಿಟ್ಟರು. ಅದರಿಂದ ಪ್ರಯೋಜನವಿಲ್ಲ, ನಗದೂ ವಹಿವಾಟೇ.

ಹಾಲು, ತರಕಾರಿ, ಹಣ್ಣನ್ನಷ್ಟೇ ಮಾರುವವರಿಗೆ ನೋಂದಣಿಯೇ ಬೇಡ. ಜೊತೆಗೆ ಬಿಸ್ಕತ್ತು, ಸೋಪು ಇಟ್ಟರೆ ಮಾತ್ರ ನೋಂದಣಿ ಕಡ್ಡಾಯವಾಗುವ ವರ್ಷದ 40 ಲಕ್ಷ ರೂಪಾಯಿ ವಹಿವಾಟಿನ ಮಿತಿಗೆ ಹಾಲಿನ ಮೊತ್ತವೂ ಸೇರುತ್ತದೆ. ತೆರಿಗೆ ಬೀಳುವುದು ಬಿಸ್ಕತ್ತು, ಸೋಪಿಗಷ್ಟೇ.

ಮಿತಿ ಸಮೀಪಿಸಿದಾಗಲೇ ರಾಜಿ ತೆರಿಗೆ (ಕಾಂಪೋಸಿಷನ್) ಪದ್ಧತಿಗೆ, ಅಂದರೆ ಸಣ್ಣ ವ್ಯಾಪಾರಿಗಳು ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ವ್ಯವಸ್ಥೆಗೆ, ಸೇರಿದರೆ ವ್ಯಾಪಾರಿಗೆ ಶೇ 1ರಷ್ಟೇ ಹೊರೆ, ಆದರೆ ಅದನ್ನು ಗ್ರಾಹಕರಿಂದ ವಸೂಲಿ ಮಾಡುವಂತಿಲ್ಲ. ಕಳೆದ ವರ್ಷಗಳಿಗೆ ಈ ಸೌಲಭ್ಯವಿಲ್ಲ. ನೋವಿನ ಮೂಲ ಅದೇ. ನೋಟಿಸ್ ಬಂದವರು ಖರೀದಿ ಬಿಲ್ ಜೋಡಿಸಿ, ಸಾಲ ಮತ್ತು ಮನೆಯವರು ಕಳಿಸಿದ ಹಣವನ್ನು ಬೇರ್ಪಡಿಸಿ, ಲಿಖಿತ ಉತ್ತರ ಕೊಡಬೇಕು. ಇಲಾಖೆ ಕನ್ನಡದಲ್ಲೇ ಮಾದರಿ ಉತ್ತರ ಪ್ರಕಟಿಸಲಿ.

– ತೆರಿಗೆ ಸಲಹೆಗಾರ, ದಾವಣಗೆರೆ