ಯಾರು, ಅತ್ತೆ, ತಿರುಗಿಸಿದ್ದು ಅಂತ ಕೇಳಿದೆಯಲ್ಲ

ಮಾಟುಂಗಾ, ಮುಂಬಯಿ
ಗುರುವಾರ ರಾತ್ರಿ

ಪುಟ್ಟೀ,

ನಿನ್ನ ಕಾಗದ ಸೋಮವಾರವೇ ಕೈಸೇರಿತು. ಬರೆಯಲು ಕೂತು ಕೂತು ಎದ್ದೆ, ಇವತ್ತು ಗುರುವಾರ. ಮಗುವಿನ ಹಲ್ಲು, ಅಮ್ಮನ ಮಂಡಿ, ಪುಣೆಯ ಹಿಂಜವಡಿಯ ದಾರಿ, ಆ ಎಲ್ಲದರ ಮಾತು ಬಂದಾಗ ಆಡೋಣ. ನನ್ನನ್ನು ಹಿಡಿದು ಕೂರಿಸಿದ್ದು ಕೊನೆಯ ಪುಟದ ನಾಲ್ಕು ಸಾಲು. ರಾತ್ರಿ ಎರಡೂವರೆಗೆ ಮಗುವಿಗೆ ಹಾಲೂಡಿಸುತ್ತ ಕೂತಿದ್ದೆ, ಮಗುವಿನ ಮೇಲೆ ಕಣ್ಣಿಡಲು ಕಪಾಟಿನ ಮೇಲಿಟ್ಟ ಕ್ಯಾಮೆರಾ ತಾನಾಗಿ ಕತ್ತು ತಿರುಗಿಸಿತು, ಗಂಡ ಪಕ್ಕದಲ್ಲೇ ನಿದ್ದೆಯಲ್ಲಿದ್ದ, ಅವನ ಫೋನು ಹೊರಗಿನ ಕೋಣೆಯಲ್ಲಿ ಚಾರ್ಜಿಗಿತ್ತು, “ಹಾಗಾದರೆ ಯಾರು, ಅತ್ತೆ, ತಿರುಗಿಸಿದ್ದು?” ಅಂತ ಕೇಳಿದ್ದೀಯ.

ಅದಕ್ಕಿಂತ ಕಸಿವಿಸಿಯಾದದ್ದು ನೀನು ಇದನ್ನು ಫೋನಿನಲ್ಲಿ ಹೇಳದೆ ಕಾಗದದಲ್ಲಿ ಬರೆದದ್ದು. ದಿನ ಬಿಟ್ಟು ದಿನ ಮಾತಾಡುವವರು ನಾವು. ನಿನ್ನ ಮನೆಯೊಳಗೇ ಬಾಯಿಬಿಟ್ಟು ಹೇಳಲು ನಿನಗೆ ಧೈರ್ಯ ಬರಲಿಲ್ಲ ಅಂತ ತಾನೇ ಅದರ ಅರ್ಥ?

ಅವನು ಭ್ರಮೆ ಅಂದನಂತೆ. ಅವನ ಮೇಲೆ ಸಿಟ್ಟಾಗಬೇಡ, ಆದರೆ ಆ ಮಾತನ್ನು ಒಪ್ಪಲೂ ಬೇಡ. ಎಳೆ ಮಗುವಿನ ತಾಯಿಗೆ ಏನು ಕಂಡರೂ ನಿದ್ದೆಗೆಟ್ಟವಳ ಭ್ರಮೆ ಅನ್ನುವುದು ನಮ್ಮಲ್ಲಿ ಹಳೆಯ ರೂಢಿ. ನೀನು ಕಂಡದ್ದನ್ನು ಕಂಡಿದ್ದೀಯ.

ನಮ್ಮ ಕಟ್ಟಡಕ್ಕೆ ಕ್ಯಾಮೆರಾ ಹಾಕಿದ ಹುಡುಗನನ್ನು ಮಂಗಳವಾರ ಗೇಟಿನ ಹತ್ತಿರ ನಿಲ್ಲಿಸಿಕೊಂಡು ಕೇಳಿದೆ, ನಿನ್ನ ಹೆಸರೆತ್ತದೆ. ಆ ನಮೂನೆಯ ಕ್ಯಾಮೆರಾದೊಳಗೆ ಸಣ್ಣ ಮೋಟಾರುಗಳಿರುತ್ತವಂತೆ. ಕರೆಂಟು ಹೋಗಿ ಬಂದರೆ, ಇಲ್ಲವೇ ಕಂಪನಿಯವರು ರಾತ್ರಿ ಹೊತ್ತು ಅದರ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ, ಅದು ಮತ್ತೆ ಎಚ್ಚರಾಗಿ ಎಡಕ್ಕೆ ಕೊನೆಯತನಕ, ಬಲಕ್ಕೆ ಕೊನೆಯತನಕ ಹೊರಳಿ ತನ್ನ ನಡುಜಾಗ ಹುಡುಕಿಕೊಳ್ಳುತ್ತದಂತೆ. ಅಲುಗಿದ್ದನ್ನು ಹಿಂಬಾಲಿಸುವ ಸೌಲಭ್ಯ ಆನ್ ಇದ್ದರೆ ಪರದೆ ಹಾರಿದರೂ ತಿರುಗೀತು, ನೀನು ಮಗುವನ್ನು ಈ ಮಗ್ಗುಲಿಂದ ಆ ಮಗ್ಗುಲಿಗೆ ಬದಲಿಸಿದರೂ ತಿರುಗೀತು. “ಹೆಚ್ಚಿನ ಸಲ ಇಷ್ಟೇ ಇರ್ತದೆ, ಆಂಟೀ” ಅಂದ. ಸಮಾಧಾನವಾಯಿತು. ಮೆಟ್ಟಿಲು ಹತ್ತುವಾಗ ಮತ್ತೆ ಅದೇ ಶುರು: ಉಳಿದ ಸಲ? ಎರಡೂವರೆಗೆ ನಿಮ್ಮಲ್ಲಿ ಕರೆಂಟು ಹೋಗಿತ್ತಾ? ಅದು ಎರಡೂ ಕಡೆ ಹೊರಳಿ ಮೊದಲಿದ್ದಲ್ಲಿಗೇ ಬಂತಾ, ಇಲ್ಲ ನಿನ್ನ ಮಂಚದ ಕಡೆ ತಿರುಗಿ ಅಲ್ಲೇ ನಿಂತಿತಾ? ಅದನ್ನು ನೀನು ಬರೆದಿಲ್ಲ.

ಇನ್ನೊಂದು ಮಾತೂ ಆ ಹುಡುಗನೇ ಹೇಳಿದ. ಕ್ಯಾಮೆರಾದಿಂದ ನಿನ್ನ ಫೋನಿಗೆ ನೆಟ್ಟಗೆ ದಾರಿ ಇದೆ ಅಂತ ನಾನು ತಿಳಿದಿದ್ದೆ. ಅದು ಹಗಲೂ ರಾತ್ರಿ ಎಲ್ಲೋ ದೂರದ ಕಂಪನಿಯ ಸರ್ವರಿಗೆ ತಾನೇ ಕರೆ ಮಾಡಿಕೊಂಡು ಕೂತಿರುತ್ತದಂತೆ. ಆಫೀಸಿನಲ್ಲಿ ನೀನು ಆ್ಯಪ್ ತೆರೆದರೆ ನಿನ್ನ ಕರೆಯೂ ಮೊದಲು ಅಲ್ಲಿಗೇ ಹೋಗುತ್ತದೆ. ಎರಡು ತುದಿಗಳ ಗಂಟು ಹಾಕುವುದು ಅಲ್ಲಿ. ಇದನ್ನು ಕೇಳಿ ನನ್ನ ಕೈಕಾಲು ತಣ್ಣಗಾಯಿತು, ಪುಟ್ಟೀ. ಹಾಗಾದರೆ ಅದು ಟೆಲಿಫೋನ್ ಎಕ್ಸ್‌ಚೇಂಜು. ಎರಡು ಮನೆಗಳ ನಡುವೆ ಮೂರನೆಯವರು ಕೂರುವ ಜಾಗ. ಆ ಜಾಗದಲ್ಲಿ ನಾನು ಕೂತಿದ್ದವಳು.

ನಿನಗೆ ಸುಳ್ಳು ಧೈರ್ಯ ಹೇಳಲಾರೆ. ಪತ್ರಿಕೆಯಲ್ಲಿ ಇಂಥದ್ದು ಬಂದಾಗ ಕತ್ತರಿಸಿ ಇಡುವುದು ನನ್ನ ಅಭ್ಯಾಸ. ಅಮೆರಿಕದಲ್ಲಿ ವೈಜ್ ಎಂಬ ಕಂಪನಿಯ ಕ್ಯಾಮೆರಾಗಳು 2024ರ ಫೆಬ್ರವರಿಯಲ್ಲಿ ಕೆಲವು ಗಂಟೆ ನಿಂತುಹೋಗಿ ಮತ್ತೆ ಶುರುವಾದಾಗ ಸುಮಾರು 13,000 ಜನರಿಗೆ ಬೇರೆ ಯಾರದೋ ಮನೆಯ ಚಿತ್ರಗಳು ಕಂಡವು. ಅಲ್ಲಿ ಕಳ್ಳನಿರಲಿಲ್ಲ, ತಂತಿ ಅದಲುಬದಲಾದ ಹಾಗೆ. ಹಿಂದೆ ನಮ್ಮ ಫೋನುಗಳಲ್ಲಿ ಕ್ರಾಸ್ ಕನೆಕ್ಷನ್ ಆಗಿ ಅಪರಿಚಿತರ ಜಗಳ ಕೇಳಿಸುತ್ತಿತ್ತಲ್ಲ, ಅದೇ. 2016ರಲ್ಲಿ ಮಿರಾಯ್ ಅಂತ ಒಂದು ದುಷ್ಟ ಪ್ರೋಗ್ರಾಮು ಹುಟ್ಟಿತು. ಅದು ಲೋಕದ ತುಂಬ ಕ್ಯಾಮೆರಾಗಳ ಬಾಗಿಲು ತಟ್ಟಿ, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನೇ ಬದಲಿಸದೆ ಬಿಟ್ಟವುಗಳ ಒಳಹೊಕ್ಕಿತು. ಹಾಗೆ ಸೆರೆಸಿಕ್ಕ ಕ್ಯಾಮೆರಾಗಳಿಂದಲೇ ಆ ಅಕ್ಟೋಬರಿನಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ತಾಣಗಳನ್ನು ಕೆಲ ಹೊತ್ತು ಕೆಡವಿದರು. ಆದರೆ ನನ್ನನ್ನು ತಿಂದದ್ದು ಮೂರನೆಯ ತುಣುಕು. 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಮನೆಗಳಿಗೆ ಕ್ಯಾಮೆರಾ ಮಾರುವ ರಿಂಗ್ ಎಂಬ ಕಂಪನಿಯ ಮೇಲೆ ಹಾಕಿದ ದೂರು. ಮನೆಮನೆಯ ಕ್ಯಾಮೆರಾ ನೋಡುವ ಅವಕಾಶವಿದ್ದ ಒಬ್ಬ ನೌಕರ, ಹೆಂಗಸರ ಮಲಗುವ ಕೋಣೆ ಬಚ್ಚಲುಮನೆಗಳ ಸಾವಿರಾರು ವಿಡಿಯೋಗಳನ್ನು ತಿಂಗಳುಗಟ್ಟಲೆ ನೋಡಿದ್ದ ಅಂತ ಆರೋಪ. ಕಂಪನಿ 58 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ನೌಕರ ಅನ್ನುವ ಆ ಶಬ್ದದ ಮೇಲೆ ಕಣ್ಣು ನಿಂತುಬಿಟ್ಟಿತು. ನೀನು ಹೆದರುತ್ತಿರುವ ಆ 'ಯಾರೋ' ಮುಖ ಮುಚ್ಚಿಕೊಂಡ ಕಳ್ಳನೇ ಆಗಬೇಕಿಲ್ಲ. ರಾತ್ರಿ ಪಾಳಿಯಲ್ಲಿ ತೂಕಡಿಸುತ್ತ ಕೂತ ಒಬ್ಬ ಸಂಬಳದಾಳೂ ಆಗಬಹುದು.

ನಿನ್ನ ಮಾವನಿಗೂ ಹೇಳದ ಮಾತೊಂದನ್ನು ಹೇಳುತ್ತೇನೆ.

1979ರ ಮಳೆಗಾಲ. ನಾನು ದೂರದೂರಿನ ಕರೆಗಳನ್ನು ಕೈಯಿಂದ ಕೂಡಿಸುವ ಟ್ರಂಕ್ ಬೋರ್ಡಿನಲ್ಲಿದ್ದೆ. ಕರೆ ಕೂಡಿಸಿದ ಮೇಲೆ ಲೈನು ಸರಿಯಿದೆಯೇ ನೋಡಲು ಕೀಲಿ ಒತ್ತಿ ಕೇಳಬೇಕಿತ್ತು, ಮೂರು ನಿಮಿಷವಾದಾಗ ನಡುವೆ ಬಂದು ಹೇಳಬೇಕಿತ್ತು, ಉಳಿದ ಹೊತ್ತು ಕೀಲಿ ಬಿಟ್ಟುಬಿಡಬೇಕು. ರಾತ್ರಿ ಪಾಳಿಯಲ್ಲಿ ನಾನು ಎಷ್ಟೋ ಸಲ ಬಿಡುತ್ತಿರಲಿಲ್ಲ. ನಿದ್ದೆ ತಡೆಯಲಿಕ್ಕೆ ಅಂತ ಹೇಳಿಕೊಳ್ಳುತ್ತಿದ್ದೆ. ನಿಜ ಏನೆಂದರೆ ಕನ್ನಡದ ಆಸೆ. ಮನೆ ಬಿಟ್ಟು ಬಂದು ಐದು ವರ್ಷ, ಹಗಲೆಲ್ಲ ಮರಾಠಿ, ಹಿಂದಿ, ಇಂಗ್ಲಿಷು. ಹೆಡ್‌ಫೋನಿನಲ್ಲಿ ನಡುರಾತ್ರಿ ಕುಮಟೆ ಕಡೆಯ ಮಾತು ಬಂದರೆ ಕೈ ಏಳುತ್ತಿರಲಿಲ್ಲ.

ಒಬ್ಬ ಹೆಂಗಸು ತಿಂಗಳಿಗೊಮ್ಮೆ ಊರಿಗೆ ಪಿ.ಪಿ. ಕಾಲ್, ಅಂದರೆ ಇಂಥವರೇ ಬೇಕು ಅಂತ ಹೆಸರು ಹೇಳಿ ಮಾಡುವ ಕರೆ, ಬುಕ್ ಮಾಡುತ್ತಿದ್ದಳು. ಅಲ್ಲಿ ಅಂಗಡಿಯವರ ಫೋನಿಗೆ ಅವಳ ತಾಯಿಯನ್ನು ಕರೆಸಬೇಕಿತ್ತು. ಇವಳು ಮಾತಾಡುತ್ತಿದ್ದುದು ಪಕ್ಕದ ಗುಜರಾತಿಗಳ ಮನೆಯಿಂದ, ಅಲ್ಲಿ ಕನ್ನಡ ಬರುವವರಿಲ್ಲ, ಅದಕ್ಕೇ ಬಿಚ್ಚಿ ಆಡುತ್ತಿದ್ದಳು. ಒಂದು ರಾತ್ರಿ ಗಂಡ ಹೊಡೆಯುವುದನ್ನು ಹೇಳಿ ಅತ್ತಳು. ದೀಪಾವಳಿಗೆ ಬಂದವಳು ತಿರುಗಿ ಹೋಗುವುದಿಲ್ಲ ಅಮ್ಮಾ, ಒಳಗೆ ಕರೆದುಕೋ ಅಂದಳು. ಧ್ವನಿಯ ಗುರುತು ನನಗೆ ಆಗಲೇ ಹತ್ತಿತ್ತು. ನಮ್ಮ ಭಜನೆಗೆ ಬರುವವಳು, ನನಗೆ ಹೂ ಕೊಡುವವಳು.

ಕನಿಕರದಿಂದಲೇ ಒಬ್ಬರ ಹತ್ತಿರ ಹೇಳಿದೆ. ಅವರು ಯಾರು ಅಂತ ಕೇಳಬೇಡ, ಈಗ ಅವರಿಲ್ಲ. ನವರಾತ್ರಿಯ ಹೊತ್ತಿಗೆ ಮಾತು ಅವಳ ಗಂಡನ ಕಿವಿಗೆ ಬಿದ್ದಿತ್ತು. ಆಮೇಲೆ ಆ ನಂಬರಿನಿಂದ ಬುಕಿಂಗ್ ಬರಲಿಲ್ಲ. ಪಾಳಿ ಮುಗಿದ ಮೇಲೆ ನಾನು ಕರೆಗಳ ವಿವರ ಬರೆದಿಡುವ ಟಿಕೆಟುಗಳ ಕಟ್ಟು ಬಿಚ್ಚಿ ಹುಡುಕುತ್ತಿದ್ದೆ, ಬೇರೆ ಪಾಳಿಯಲ್ಲಾದರೂ ಬಂದಿದೆಯೇ ಅಂತ. ದೀಪಾವಳಿಗೆ ಅವಳು ಊರಿಗೆ ಹೋಗಲಿಲ್ಲ. ವರ್ಷಗಳ ಮೇಲೆ ಒಮ್ಮೆ ದಾದರ್ ಸೇತುವೆಯ ಮೇಲೆ ಸಿಕ್ಕಳು, ನನ್ನ ಎರಡೂ ಕೈ ಹಿಡಿದು “ಚೆನ್ನಾಗಿದ್ದೀಯೇನೇ?” ಅಂದಳು. ಕೇಳಿಸಿಕೊಂಡದ್ದು ಯಾರು ಅಂತ ಅವಳಿಗೆ ಗೊತ್ತಾಗಲೇ ಇಲ್ಲ. ಎಷ್ಟು ಸಲ ನಿನ್ನ ಹಾಗೆ ಯಾರಿರಬಹುದು ಯಾರಿರಬಹುದು ಅಂತ ಒದ್ದಾಡಿದಳೋ.

1988ರಲ್ಲಿ ನಮ್ಮ ಸಿದ್ದಾಪುರದ ರಾಮಕೃಷ್ಣ ಹೆಗಡೆಯವರು ಟೆಲಿಫೋನ್ ಕದ್ದಾಲಿಕೆಯ ಗದ್ದಲದಲ್ಲಿ ಮುಖ್ಯಮಂತ್ರಿ ಪದವಿ ಬಿಟ್ಟಾಗ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅದೇ. ನಿಮ್ಮ ಕಡೆಯವರಲ್ಲವಾ ಅಂತ ನನ್ನನ್ನು ಕೇಳುತ್ತಿದ್ದರು. ನಾನು ಡಬ್ಬಿ ಬಿಚ್ಚಿ ತಲೆ ತಗ್ಗಿಸಿ ಊಟ ಮಾಡುತ್ತಿದ್ದೆ.

ಅದಕ್ಕೇ ನಿನಗೆ ಭ್ರಮೆ ಅನ್ನಲು ನನಗೆ ನಾಲಿಗೆ ಬರುವುದಿಲ್ಲ.

ಮಗುವನ್ನು ನೋಡಿಕೊಳ್ಳುವ ಮಾವಶಿಗೆ ಆ ಕ್ಯಾಮೆರಾ ಇರುವುದು ಗೊತ್ತಾ? ಎರಡನೇ ಪುಟದಲ್ಲಿ ಬರೆದಿದ್ದೀಯ, ಮಧ್ಯಾಹ್ನ ಅವಳು ಸೋಲಾಪುರದ ಮಗಳ ಜೊತೆ ಫೋನಿನಲ್ಲಿ ಅಳುತ್ತಿದ್ದಳು, ಆ್ಯಪಿನಲ್ಲಿ ಕೇಳಿಸಿತು, ಪಾಪ ಅನ್ನಿಸಿತು ಅಂತ. ನನಗೂ ಹೀಗೇ ಪಾಪ ಅನ್ನಿಸಿತ್ತು. ನಿನ್ನನ್ನು ನೋಯಿಸಲು ಹೇಳುತ್ತಿಲ್ಲ. ಆರು ತಿಂಗಳ ರಜೆ ಮುಗಿದು ಮಗುವನ್ನು ಬಿಟ್ಟು ಹೋಗುವ ತಾಯಿಗೆ ನೋಡದೆ ಇರಲಾಗುವುದಿಲ್ಲ, ನನಗೆ ಗೊತ್ತು. ಆದರೂ ಅವಳಿಗೆ ಹೇಳು. ಧ್ವನಿ ಬಂದ್ ಮಾಡಲಾಗುವುದಾದರೆ ಹಗಲಾದರೂ ಮಾಡು. ಮತ್ತೆ ಆ ಅಳುವಿನ ಮಾತನ್ನು ಅವನ ಹತ್ತಿರವೂ ಆಡಬೇಡ.

ಉಳಿದದ್ದು ನಿನಗೆ ನಾನು ಹೇಳುವುದೇನು, ಕಂಪ್ಯೂಟರ್ ಕೆಲಸದವಳೇ ನೀನು. ಹುಡುಗ ಹೇಳಿದ್ದನ್ನು ಬರೆಯುತ್ತೇನೆ ಅಷ್ಟೇ. ಕ್ಯಾನಡಾಕ್ಕೆ ಹೋಗುವವರು ಕೊಟ್ಟುಹೋದ ಕ್ಯಾಮೆರಾ ಅಲ್ಲವೇ ಅದು? ಅವರ ಖಾತೆಯಿಂದ ಅದು ಪೂರ್ತಿ ಬಿಟ್ಟಿದೆಯೇ, ಆ್ಯಪಿನಲ್ಲಿ ಹಂಚಿಕೊಂಡವರ ಪಟ್ಟಿಯಲ್ಲಿ ಯಾರ ಹೆಸರಿದೆ ನೋಡು. ಅವರು ಒಳ್ಳೆಯವರೇ ಇರಬಹುದು, ಅವರ ಹಳೆಯ ಫೋನು ಈಗ ಯಾರ ಕೈಯಲ್ಲಿದೆಯೋ. ಒಮ್ಮೆ ರೀಸೆಟ್ ಮಾಡಿ, ಪಾಸ್‌ವರ್ಡು ಬದಲಿಸಿ, ಒಟಿಪಿ ಕೇಳುವ ಹಾಗೆ ಮಾಡು. ವೈಫೈ ಪೆಟ್ಟಿಗೆಯದ್ದೂ. 2025ರ ಏಪ್ರಿಲ್‌ನಿಂದ ನಮ್ಮಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳು ಸರಕಾರದ ಭದ್ರತಾ ಪರೀಕ್ಷೆಗೆ ಒಳಪಡಬೇಕು ಅನ್ನುವ ನಿಯಮ ಬಂದಿದೆಯಂತೆ. ನಿನ್ನದು ಅದಕ್ಕಿಂತ ಮೊದಲಿನದು. ಹೊಸದು ಕೊಳ್ಳುವುದಾದರೆ ದುಡ್ಡು ನಾನು ಕೊಡುತ್ತೇನೆ, ಬೇಡ ಅನ್ನಬೇಡ. ಅವನು ತರುತ್ತೇನೆ ಅಂದ ಮಾತಾಡುವ ಗೊಂಬೆ ಮಾತ್ರ ಬೇಡ. ಜರ್ಮನಿಯಲ್ಲಿ ಕೈಲಾ ಅನ್ನುವ ಅಂಥದ್ದೇ ಗೊಂಬೆಯನ್ನು 2017ರಲ್ಲಿ ಕದ್ದು ಕೇಳುವ ಸಾಧನ ಅಂತಲೇ ನಿಷೇಧಿಸಿದರು, ಮನೆಯಲ್ಲಿದ್ದರೆ ಹಾಳುಮಾಡಿ ಅಂತ ತಂದೆತಾಯಿಗಳಿಗೆ ಹೇಳಿದರು. ಕಟ್ಟಿಗೆಯ ಬುಗುರಿ ಸಾಕು ನಮ್ಮ ಕೂಸಿಗೆ.

ಇಷ್ಟೆಲ್ಲ ಮಾಡಿದರೂ ಆ ರಾತ್ರಿ ಯಾರಿದ್ದರು ಅನ್ನುವುದಕ್ಕೆ ಉತ್ತರ ಸಿಗಲಿಕ್ಕಿಲ್ಲ. ನನಗೆ ಅದೇ ಹಿಂಸೆ. ಜಸ್ಟಿಸ್ ಕೆ. ಎಸ್. ಪುಟ್ಟಸ್ವಾಮಿ ಅಂತ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರು 86ನೇ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಅವರು 2024ರಲ್ಲಿ ತೀರಿಕೊಂಡಾಗ ಪತ್ರಿಕೆಯಲ್ಲಿ ಬಂದ ಚಿತ್ರ ನನ್ನ ದೇವರ ಕಪಾಟಿನ ಒಳಬದಿಯಲ್ಲಿದೆ. ಯಾಕೆ ಅಂಟಿಸಿದೆ ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡೂವರೆ ರಾತ್ರಿಯಲ್ಲಿ ಒಬ್ಬಳೇ ಕೂತ ನಿನಗೆ ಆ ತೀರ್ಪು ಏನು ಆಸರೆ ಕೊಟ್ಟೀತು ಅಂತ ಬರೆಯುವಾಗಲೇ ಅನ್ನಿಸುತ್ತಿದೆ. ಆದರೂ ಒಬ್ಬ ಮುದುಕರು ಅದಕ್ಕಾಗಿ ಅಷ್ಟು ದೂರ ನಡೆದರು ಅನ್ನುವುದು ನಿನಗೆ ತಿಳಿದಿರಲಿ.

ಶನಿವಾರ ಸಂಜೆಯ ಡೆಕ್ಕನ್ ಕ್ವೀನಿಗೆ ಬರುತ್ತಿದ್ದೇನೆ. ಸ್ಟೇಷನ್ನಿಗೆ ಅವನು ಬರುವುದು ಬೇಡ, ರಿಕ್ಷಾ ಮಾಡಿಕೊಳ್ಳುತ್ತೇನೆ. ಎರಡು ವಾರ ಇರುತ್ತೇನೆ, ಹಗಲು ಮಾವಶಿಯ ಜೊತೆ ನಾನೇ ಇದ್ದಮೇಲೆ ನಿನಗೆ ನೋಡುವ ಗರಜು ಬೀಳಲಿಕ್ಕಿಲ್ಲ. ನಾನು ಬರುವತನಕ ರಾತ್ರಿ ಮಲಗುವ ಮುಂಚೆ ಅದರ ಪ್ಲಗ್ ಕಿತ್ತಿಡು. ನೀವಿಬ್ಬರೂ ಅದೇ ಕೋಣೆಯಲ್ಲಿರುವಾಗ ಅದಕ್ಕೇನು ಕೆಲಸ? ಕಿತ್ತ ಮೇಲೂ ಅದರ ಕಣ್ಣು ನಿನ್ನ ಕಡೆಗಿದ್ದರೆ ಮಗುವಿನ ಕುಲಾವಿ ಹಾಕಿ ಮುಚ್ಚಿಬಿಡು. ಅವನು ನಕ್ಕರೆ ನಗಲಿ.

ಮತ್ತೆ ಕತ್ತು ಎಲ್ಲಿ ನಿಂತಿತು ಅಂತ ನೆನಪು ಮಾಡಿಕೊಂಡಿರು. ಫೋನಿನಲ್ಲಿ ಬೇಡ. ಬಂದಾಗ ಹೇಳು, ಬಾಲ್ಕನಿಯಲ್ಲಿ ಕೂತು.

ನಿನ್ನ ಅತ್ತೆ