ಫೈಲಿನ ದಾರಿ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನೂ ಕಲಿಸಲಿ

ಮಾನ್ಯ ಸಂಪಾದಕರೇ,

ಪ್ರೋಗ್ರಾಮಿಂಗ್ ಪಾಠಗಳಲ್ಲಿ ಫೈಲ್ ತೆರೆಯುವ ಅಧ್ಯಾಯ ಬಂದಾಗ, ಬರೀ ಫೈಲಿನ ಹೆಸರು ಕೊಟ್ಟು ತೆರೆದು ತೋರಿಸಿ ಮುಂದೆ ಸಾಗುವುದೇ ವಾಡಿಕೆಯಾಗಿದೆ. ಆ ಹೆಸರೂ ಒಂದು ರಿಲೇಟಿವ್ ಪಾತ್ (ಯಾವುದೋ ಒಂದು ಫೋಲ್ಡರಿನಿಂದ ಶುರುವಾಗುವ ದಾರಿ) ಎಂಬುದನ್ನಾಗಲಿ, ಅದನ್ನು ಯಾವ ಫೋಲ್ಡರಿನಿಂದ ಹುಡುಕಲಾಗುತ್ತದೆ ಎಂಬುದನ್ನಾಗಲಿ ಬಿಡಿಸಿ ಹೇಳುವವರು ಕಡಿಮೆ.

ಸ್ಕ್ರಿಪ್ಟ್ (ಪ್ರೋಗ್ರಾಂ ಬರೆದಿಟ್ಟ ಫೈಲ್) ಇರುವ ಫೋಲ್ಡರಿನಿಂದಲೇ ಹುಡುಕಾಟ ನಡೆಯುತ್ತದೆಂದು ಕಲಿಯುವವರು ಸಹಜವಾಗಿಯೇ ಭಾವಿಸುತ್ತಾರೆ. ಆದರೆ ಸ್ಕ್ರಿಪ್ಟ್ ಎಲ್ಲಿದೆ ಎಂಬುದರ ಗೊಡವೆ ಆಪರೇಟಿಂಗ್ ಸಿಸ್ಟಮ್‌ಗೆ ಇಲ್ಲ; ಪ್ರೋಸೆಸ್‌ನ, ಅಂದರೆ ಓಡುತ್ತಿರುವ ಪ್ರೋಗ್ರಾಂನ, ವರ್ಕಿಂಗ್ ಡೈರೆಕ್ಟರಿ (ಅದು ಆ ಹೊತ್ತಿಗೆ ನಿಂತಿರುವ ಫೋಲ್ಡರ್) ಯಾವುದೋ ಅಲ್ಲಿಂದಲೇ ಅದು ಹುಡುಕುತ್ತದೆ. ಟರ್ಮಿನಲ್‌ನಲ್ಲಿ ಸ್ಕ್ರಿಪ್ಟ್ ಇರುವ ಫೋಲ್ಡರಿಗೇ ಹೋಗಿ ಓಡಿಸುವಷ್ಟು ದಿನ ಎರಡೂ ಒಂದೇ ಆಗಿರುವುದರಿಂದ ಈ ತಪ್ಪು ತಿಳಿವಳಿಕೆ ಬಯಲಾಗುವುದಿಲ್ಲ. ಅದೇ ಸ್ಕ್ರಿಪ್ಟನ್ನು, ನಿಗದಿತ ಹೊತ್ತಿಗೆ ಪ್ರೋಗ್ರಾಂ ಓಡಿಸುವ ಕ್ರಾನ್‌ಗೆ ವಹಿಸಿದರೆ ಸಾಮಾನ್ಯವಾಗಿ ಬಳಕೆದಾರರ ಹೋಮ್ ಡೈರೆಕ್ಟರಿಯಿಂದ ಓಡುತ್ತದೆ. ಲಿನಕ್ಸ್‌ನಲ್ಲಿ ಹಿನ್ನೆಲೆಯ ಪ್ರೋಗ್ರಾಂಗಳನ್ನು ನಡೆಸುವ ಸಿಸ್ಟಮ್‌ಡಿಯ ಸರ್ವಿಸ್ ಆಗಿಸಿದರೆ, ಬೇರೆ ಸೂಚನೆ ಇಲ್ಲದಿದ್ದಲ್ಲಿ, ಎಲ್ಲಕ್ಕೂ ಮೇಲಿರುವ ರೂಟ್ ಡೈರೆಕ್ಟರಿಯಿಂದ. ಓದಬೇಕಾದ ಫೈಲ್ ಸಿಗದಿದ್ದರೆ ಎರರ್ ಬಂದು ಪ್ರೋಗ್ರಾಂ ನಿಂತುಬಿಡುತ್ತದೆ, ಅದು ಒಳ್ಳೆಯದೇ. ಬರೆಯಬೇಕಾದ ಫೈಲಿನದು ಬೇರೆಯೇ ಕಥೆ: ಅನುಮತಿ ಇರುವ ಯಾವುದೋ ಫೋಲ್ಡರಿನಲ್ಲಿ ಹೊಸ ಫೈಲ್ ಸದ್ದಿಲ್ಲದೆ ಹುಟ್ಟಿಕೊಳ್ಳುತ್ತದೆ, ನಾವು ತೆರೆದು ನೋಡುವ ಹಳೆಯ ಫೈಲ್ ಮಾತ್ರ ನಿನ್ನೆ ಇದ್ದಂತೆಯೇ ಇರುತ್ತದೆ.

ಗೊಂದಲದಲ್ಲಿ ಭಾಷೆಗಳ ಪಾಲೂ ಉಂಟು. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಜೆಎಸ್‌ನಲ್ಲಿ ಚುಕ್ಕೆಯಿಂದ ಶುರುವಾಗುವ ಪಾತನ್ನು, ಬೇರೆ ಕೋಡ್ ಫೈಲನ್ನು ಸೇರಿಸಿಕೊಳ್ಳುವ ರಿಕ್ವೈರ್‌ಗೆ ಕೊಟ್ಟರೆ ಅದನ್ನು ಕರೆದ ಮಾಡ್ಯೂಲ್ (ಕೋಡ್ ಫೈಲ್) ಇರುವ ಜಾಗದಿಂದಲೂ, ಫೈಲ್ ಓದುವ ರೀಡ್‌ಫೈಲ್‌ಗೆ ಕೊಟ್ಟರೆ ವರ್ಕಿಂಗ್ ಡೈರೆಕ್ಟರಿಯಿಂದಲೂ ಹುಡುಕಲಾಗುತ್ತದೆ. ಪಕ್ಕಪಕ್ಕದ ಎರಡು ಸಾಲುಗಳಲ್ಲಿ ಒಂದೇ ಪಾತ್ ಎರಡು ಕಡೆಗೆ ಕೈತೋರಿಸಿದರೆ ಹೊಸಬರು ತಬ್ಬಿಬ್ಬಾಗದೆ ಇರುತ್ತಾರೆಯೇ?

ಬೇಸತ್ತವರು ಪೂರ್ತಿ ಪಾತನ್ನೇ ಕೋಡಿನಲ್ಲಿ ಬರೆದಿಡುತ್ತಾರೆ. ಬೇರೊಬ್ಬರ ಕಂಪ್ಯೂಟರಿನಲ್ಲಿ ಅದು ನಡೆಯುವುದಿಲ್ಲ. ಪ್ರೋಗ್ರಾಂ ಒಳಗೇ ಡೈರೆಕ್ಟರಿ ಬದಲಿಸುವುದು ಅದಕ್ಕಿಂತ ಕೆಟ್ಟದ್ದೆಂದು ನನ್ನ ಅಭಿಪ್ರಾಯ, ಏಕೆಂದರೆ ಆ ಬದಲಾವಣೆ ಇಡೀ ಪ್ರೋಸೆಸ್‌ಗೆ ತಗಲುತ್ತದೆ. ಪ್ರೋಗ್ರಾಂ ಜೊತೆಗೇ ಬರುವ ಫೈಲುಗಳನ್ನು ಸ್ಕ್ರಿಪ್ಟ್‌ನ ಸ್ವಂತ ಜಾಗದಿಂದ ಹುಡುಕಬೇಕು. 2014ರಲ್ಲಿ ಬಂದ ಪೈಥಾನ್ 3.4ರಿಂದ ಪಾತ್‌ಗಳನ್ನು ನಿಭಾಯಿಸುವ ಪಾತ್‌ಲಿಬ್ ಇರುವುದರಿಂದ ಇದು ಒಂದು ಸಾಲಿನ ಕೆಲಸ. ಬಳಕೆದಾರರು ಕಮಾಂಡ್ ಲೈನ್‌ನಲ್ಲಿ ಕೊಟ್ಟ ಹೆಸರನ್ನಾದರೋ ಅವರು ನಿಂತಿರುವ ಫೋಲ್ಡರಿನಿಂದಲೇ ಹುಡುಕುವುದು ಸರಿ. ಈ ಎರಡರ ವ್ಯತ್ಯಾಸವನ್ನು ಪಾಠ ಬರೆಯುವವರು ಆ ಅಧ್ಯಾಯದಲ್ಲಿಯೇ ಹೇಳಬೇಕು. ಜೊತೆಗೆ, ಅದೇ ಸ್ಕ್ರಿಪ್ಟನ್ನು ಒಂದು ಫೋಲ್ಡರ್ ಮೇಲೆ ಹೋಗಿ ಓಡಿಸಿ, ಬರುವ ಎರರ್ ಅನ್ನು ವಿದ್ಯಾರ್ಥಿಗಳಿಂದಲೇ ಓದಿಸಬೇಕೆಂದು ವಿನಂತಿ.

ಇತಿ,
ಓರ್ವ ಓದುಗ