ಲಂಡನ್ನಿಗೆ ಹೊರಟಿರುವ ಪುಟ್ಟಿಗೆ: ಮ್ಯೂಸಿಯಂ ಮೊದಲು, ಊರು ಆಮೇಲೆ

ಪ್ರೀತಿಯ ಪುಟ್ಟೀ,

ನೀನು ಕಳಿಸಿದ ಲಂಡನ್ ಪ್ರವಾಸದ ಪಟ್ಟಿ ನೋಡಿದೆ. ಅರಮನೆ, ಗಡಿಯಾರದ ಗೋಪುರ, ಟವರ್ ಬ್ರಿಜ್, ನದಿ ದಂಡೆಯ ದೊಡ್ಡ ಚಕ್ರ, ಎಲ್ಲ ಮೇಲಿವೆ. ಕಟ್ಟಕಡೆಗೆ "ಮಳೆ ಬಂದ್ರೆ ಯಾವುದಾದ್ರೂ ಮ್ಯೂಸಿಯಂ" ಅಂತ ಒಂದು ಸಾಲು. ನಿನ್ನ ಜೊತೆ ನನ್ನ ತಕರಾರು ಇರುವುದು ಆ ಒಂದು ಸಾಲಿನ ಮೇಲೆ.

ಅದನ್ನು ಅಲ್ಲಿಂದ ಕಿತ್ತು ಪಟ್ಟಿಯ ತಲೆಗೆ ಹಾಕು. ಊರಿನ ಕಥೆ ಹೇಳುವ ಮ್ಯೂಸಿಯಂಗಳನ್ನು ಮೊದಲ ದಿನಗಳಲ್ಲೇ ನೋಡಿಬಿಟ್ಟರೆ, ಉಳಿದ ದಿನಗಳಲ್ಲಿ ಅದೇ ರಸ್ತೆ, ಅದೇ ರೈಲು ಬೇರೆ ಥರ ಕಾಣುತ್ತವೆ. ಕೊನೆಗೆ ನೋಡಿದರೆ "ಅಯ್ಯೋ, ಇದು ಮೊದಲೇ ಗೊತ್ತಿದ್ದರೆ" ಅಂತ ವಿಮಾನದಲ್ಲಿ ಕೂತು ಹಲುಬಬೇಕಾಗುತ್ತದೆ. ಬ್ರಿಟಿಷ್ ಮ್ಯೂಸಿಯಂ ನೋಡಲೇಬೇಕು ಅಂತ ಎಲ್ಲರೂ ಹೇಳಿರುತ್ತಾರೆ. ನೋಡು, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಇಡೀ ಜಗತ್ತಿನ ಸರಕಿದೆ, ಲಂಡನ್ ಬಗ್ಗೆ ಇರುವುದು ಕಡಿಮೆ. ನಿನಗಿರುವುದು ಒಂದೇ ವಾರ, ಜೊತೆಗೆ ಎರಡು ಮಕ್ಕಳು. ಬಸ್ಸು-ರೈಲಿನದು ಒಂದು, ಬಂದರಿನದು ಒಂದು, ಸಮುದ್ರದ್ದು ಒಂದು, ಅಷ್ಟು ಸಾಕು.

ಮೊದಲು ಕವೆಂಟ್ ಗಾರ್ಡನ್‌ನ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂಗೆ ಹೋಗು. ಅದು ಹಿಂದೆ ಹೂವಿನ ಮಾರುಕಟ್ಟೆಯಾಗಿದ್ದ ಕಬ್ಬಿಣ-ಗಾಜಿನ ಕಟ್ಟಡ. ದೊಡ್ಡವರಿಗೆ ಟಿಕೆಟ್ ಇದೆ, ಮಕ್ಕಳಿಗೆ ಇಲ್ಲ. ಒಂದು ಸಲ ಕೊಂಡ ಟಿಕೆಟ್ ವರ್ಷವಿಡೀ ನಡೆಯುತ್ತದೆ. ಹಾಗಾಗಿ ಒಂದೇ ದಿನ ಎಲ್ಲ ಮುಗಿಸಬೇಕು ಅನ್ನುವ ಹಟ ಬೇಡ. ಮಕ್ಕಳು ಸುಸ್ತಾದರೆ ಎದ್ದು ಬಂದುಬಿಡು, ವಾರದ ಕೊನೆಗೆ ಮತ್ತೆ ಹೋದರಾಯಿತು.

ಲಿಫ್ಟಿನಲ್ಲಿ ಸೀದಾ ಮೇಲಕ್ಕೆ ಹೋಗಿ ಅಲ್ಲಿಂದ ಇಳಿಯುತ್ತಾ ಬರಬೇಕು. ಮೇಲೆ ಕುದುರೆ ಬಸ್ಸುಗಳಿವೆ. 1829ರಲ್ಲಿ ಜಾರ್ಜ್ ಶಿಲಿಬಿಯರ್ ಅನ್ನುವವನು ಪ್ಯಾಡಿಂಗ್ಟನ್‌ನಿಂದ ಬ್ಯಾಂಕ್ ಅನ್ನುವ ಜಾಗದ ಕಡೆಗೆ ಮೂರು ಕುದುರೆ ಕಟ್ಟಿ ಓಡಿಸಿದನಲ್ಲ, ಆ ಬಸ್ಸಿನ ಮಾದರಿಯೂ ಇದೆ. ಅದರ ಅಂದಚಂದ ನೋಡಿ ಮುಂದೆ ಹೋಗಿಬಿಡಬೇಡ. ಕುದುರೆಗಳ ಲೆಕ್ಕ ಮಕ್ಕಳಿಗೆ ಹೇಳು. ಆಮೇಲೆ ಬಂದ ಎರಡು ಕುದುರೆಯ ಬಸ್ಸಿನಲ್ಲೂ ಒಂದು ಜೋಡಿ ಕೆಲವೇ ಗಂಟೆ ಎಳೆಯುತ್ತಿತ್ತು, ಆಮೇಲೆ ಬೇರೆ ಜೋಡಿ. ಒಂದು ಬಸ್ಸನ್ನು ದಿನವಿಡೀ ಓಡಿಸಲು ಹತ್ತಕ್ಕಿಂತ ಜಾಸ್ತಿ ಕುದುರೆ ಸಾಕಬೇಕಿತ್ತು. ಅವುಗಳ ಮೇವು, ಲಾಯ, ಲಾಳ, ರಸ್ತೆ ತುಂಬಾ ಬೀಳುವ ಲದ್ದಿ! ಮೋಟಾರು ಬಂದ ಮೇಲೆ ಕುದುರೆ ಬಸ್ಸುಗಳು ಯಾಕೆ ಅಷ್ಟು ಬೇಗ ಮಾಯವಾದವು ಅನ್ನುವುದು ಈ ಲೆಕ್ಕದಲ್ಲೇ ತಿಳಿಯುತ್ತದೆ.

ಅದರ ಕೆಳಗಿನ ಅಂತಸ್ತಿನಲ್ಲಿ ನಿನಗೆ ಬೇಕಾದದ್ದಿದೆ. ಜಗತ್ತಿನ ಮೊದಲ ಸುರಂಗ ರೈಲು 1863ರ ಜನವರಿಯಲ್ಲಿ ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ಗೆ ಓಡಿತು. ಅದೂ ಉಗಿ ಎಂಜಿನ್! ರಸ್ತೆಯನ್ನು ಅಗೆದು, ಹಳಿ ಹಾಕಿ, ಮೇಲೆ ಮತ್ತೆ ಮುಚ್ಚಿದರು. ಹಬೆಯನ್ನು ನೀರಿನ ತೊಟ್ಟಿಗೆ ತಿರುಗಿಸುವ ಕೊಳವೆಯೇನೋ ಎಂಜಿನ್ನಿಗೆ ಇತ್ತು, ಹೊಗೆಗೆ ಮಾತ್ರ ಉಪಾಯ ಇರಲಿಲ್ಲ. ಆ ಕಾಲದ ಒಂದು ಎಂಜಿನ್, ನಂಬರ್ 23, ಅಲ್ಲಿ ನಿಂತಿದೆ. ಅದರ ಪಕ್ಕ ನಿಂತು ಮೂಗು ಮುಚ್ಚಿಕೊಳ್ಳಿ ಅಂತ ಮಕ್ಕಳಿಗೆ ಹೇಳು, ನಗುತ್ತಾರೆ.

ಎಂಜಿನ್‌ಗಿಂತ ಜಾಸ್ತಿ ಹೊತ್ತು ನೀನು ನಿಲ್ಲಬೇಕಾದದ್ದು 1890ರ ಒಂದು ಬೋಗಿಯ ಮುಂದೆ. ಆಳದ ಸುರಂಗದಲ್ಲಿ ವಿದ್ಯುತ್ತಿನಿಂದ ಓಡಿದ ಮೊದಲ ರೈಲಿನದು ಅದು. ಒಳಗೆ ಉದ್ದಕ್ಕೂ ಎದುರುಬದುರು ಬೆಂಚು, ತಲೆಗಿಂತ ಎತ್ತರದ ದಿಂಬಿನ ಬೆನ್ನು. ಕಿಟಕಿ ಅಂದರೆ ತುದಿಯಲ್ಲೊಂದು ಸಣ್ಣ ಸೀಳು, ಅಷ್ಟೇ. ಸುರಂಗದಲ್ಲಿ ನೋಡಲು ಏನಿದೆ, ಕಿಟಕಿ ಯಾಕೆ ಬೇಕು ಅಂತ ಕಟ್ಟಿದವರ ವಾದ! ನಿಲ್ದಾಣ ಬಂದಾಗ ಹೆಸರು ಕೂಗಿ ಹೇಳಲು ಒಬ್ಬ ನೌಕರ ಇರುತ್ತಿದ್ದ. ಹುಚ್ಚರನ್ನು ಕೂಡಿಹಾಕುವ ಮೆತ್ತೆ ಹಾಕಿದ ಕೋಣೆ ಅಂತ ಜನ ಆ ಬೋಗಿಗೆ ಅಡ್ಡಹೆಸರಿಟ್ಟರು. ಒಳಗೆ ಹೋಗಿ ಎರಡು ನಿಮಿಷ ಸುಮ್ನೆ ಕೂತುಕೋ. ಸಂಜೆ ವಾಪಸ್ ಹೋಗುವಾಗ ಟ್ಯೂಬ್, ಅಂದರೆ ಈಗಿನ ಸುರಂಗ ರೈಲಿನ, ಕಿಟಕಿಯ ಕಡೆ ನಿನ್ನ ಕಣ್ಣು ತಾನಾಗಿಯೇ ಹೋಗುತ್ತದೆ. ಹೊರಗೆ ಈಗಲೂ ಬರೀ ಕತ್ತಲೆಯೇ, ಆದರೂ ಕಿಟಕಿ ಬೇಕು ಅಲ್ವಾ?

ಇನ್ನು ಟ್ಯೂಬ್ ರೈಲಿನ ದಾರಿಗಳನ್ನು ತೋರಿಸುವ ಆ ನಕ್ಷೆ. ಹ್ಯಾರಿ ಬೆಕ್ ಅನ್ನುವ ಡ್ರಾಫ್ಟ್ಸ್‌ಮನ್ 1931ರಲ್ಲಿ ಬಿಡುವಿನ ವೇಳೆಯಲ್ಲಿ ಬರೆದದ್ದು. ನೆಲದ ಮೇಲಿನ ದೂರ ಎಷ್ಟಾದರೂ ಇರಲಿ, ಗೆರೆ ನೇರ, ಅಡ್ಡ, ಇಲ್ಲವೇ ಓರೆ, ಅಷ್ಟೇ. ಮೊದಲು ಬೇಡ ಅಂದರು, 1933ರಲ್ಲಿ ಅಚ್ಚು ಹಾಕಿದರು, ಜನ ಮುಗಿಬಿದ್ದು ಒಯ್ದರು. ಇದರಲ್ಲಿ ನಿನಗೊಂದು ಎಚ್ಚರಿಕೆಯೂ ಇದೆ. ಆ ನಕ್ಷೆ ನಂಬಿ ಲೆಸ್ಟರ್ ಸ್ಕ್ವೇರ್‌ನಿಂದ ಕವೆಂಟ್ ಗಾರ್ಡನ್‌ಗೆ ರೈಲು ಹತ್ತಬೇಡ. ಮೇಲೆ ನಡೆದರೆ ಅದು ಕೂಗಳತೆ ದೂರ. ಹನ್ನೊಂದು ತುಂಬದ ಮಕ್ಕಳಿಗೆ ದೊಡ್ಡವರ ಜೊತೆ ಟ್ಯೂಬ್ ಪುಕ್ಕಟೆ ಅನ್ನುವುದನ್ನೂ ಗುರುತು ಹಾಕಿಕೋ.

ಎರಡನೆಯದು ಡಾಕ್‌ಲ್ಯಾಂಡ್ಸ್, ಲಂಡನ್ನಿನ ಹಳೇ ಬಂದರಿನ ಪ್ರದೇಶ. ಲಂಡನ್ ವಾಲ್‌ನಲ್ಲಿದ್ದ ಹಳೇ ನಗರ ಮ್ಯೂಸಿಯಂ 2022ರ ಡಿಸೆಂಬರಿನಲ್ಲೇ ಬಾಗಿಲು ಹಾಕಿತು. ಸ್ಮಿತ್‌ಫೀಲ್ಡ್‌ನ ಹಳೇ ಮಾರುಕಟ್ಟೆ ಕಟ್ಟಡಕ್ಕೆ ಸ್ಥಳಾಂತರ ಅದರದು. ಹಳೇ ಗೈಡ್ ಪುಸ್ತಕ ಹಿಡಿದು ಹೋಗಿ ಬೀಗ ನೋಡಿಕೊಂಡು ಬರಬೇಡ, ಹೊರಡುವ ಮೊದಲು ವಿಚಾರಿಸು. ಅದೇ ಸಂಸ್ಥೆಯ ಡಾಕ್‌ಲ್ಯಾಂಡ್ಸ್ ಶಾಖೆಗೆ ಪ್ರವೇಶ ಉಚಿತ. ಪ್ರವಾಸಿಗರು ಅಷ್ಟಾಗಿ ಹೋಗದ ಈ ಜಾಗವೇ ಮೂರರಲ್ಲಿ ನನಗೆ ಹೆಚ್ಚು ಇಷ್ಟ. ಡಿ.ಎಲ್.ಆರ್., ಅಂದರೆ ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆಯ ರೈಲಿನಲ್ಲಿ ಹೋಗು. ಅದಕ್ಕೆ ಚಾಲಕನ ಕೋಣೆ ಇಲ್ಲ. ಮುಂದಿನ ಸೀಟು ಸಿಕ್ಕರೆ ಮಕ್ಕಳೇ ರೈಲು ಓಡಿಸಿದ ಹಾಗೆ.

ಆ ಕಟ್ಟಡವೇ ಮೊದಲ ವಸ್ತು. 1802ರಲ್ಲಿ ವೆಸ್ಟ್ ಇಂಡಿಯಾ ಡಾಕ್ ಅನ್ನುವ ಹಡಗುಕಟ್ಟೆ ತೆರೆದಾಗಿನ ಕಾಲದ ಸಕ್ಕರೆ ಗೋದಾಮು ಅದು. ತಲೆಗೆ ತಾಗುತ್ತದೋ ಏನೋ ಅನ್ನಿಸುವ ಸೂರು, ದಪ್ಪ ದಪ್ಪ ಮರದ ತೊಲೆ. ಇಲ್ಲಿಗೆ ಬರುತ್ತಿದ್ದ ಸಕ್ಕರೆ ಕೆರಿಬಿಯನ್ ದ್ವೀಪಗಳ ಗುಲಾಮರು ಬೆಳೆದದ್ದು. ಅದನ್ನು ಮುಚ್ಚಿಡದೆ 'ಲಂಡನ್, ಸಕ್ಕರೆ, ಗುಲಾಮಗಿರಿ' ಅಂತ ಒಂದು ಗ್ಯಾಲರಿಯನ್ನೇ 2007ರಲ್ಲಿ ಮಾಡಿದರು. 1833ರಲ್ಲಿ ಗುಲಾಮಗಿರಿ ನಿಲ್ಲಿಸುವ ಕಾಯ್ದೆ ಬಂದಾಗ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಗುಲಾಮರಿಗಲ್ಲ, ಒಡೆಯರಿಗೆ. ಅದಕ್ಕಾಗಿ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ದೊಡ್ಡವಳಿಗೆ ಇದನ್ನು ಹೇಳು, ಅರ್ಥವಾಗುವ ವಯಸ್ಸು. ಚಿಕ್ಕವನನ್ನು ನಾವಿಕರ ಬೀದಿಗೆ ಕರೆದುಕೊಂಡು ಹೋಗು. ಹಳೇ ಕಾಲದ ಬಂದರಿನ ಗಲ್ಲಿಗಳನ್ನು ಮಬ್ಬು ಬೆಳಕಿನಲ್ಲಿ ಕಟ್ಟಿಟ್ಟಿದ್ದಾರೆ. ಕೈ ಹಿಡಿದುಕೊಂಡಿರು, ಸ್ವಲ್ಪ ಹೆದರಬಹುದು.

ಅಲ್ಲಿ ನಮ್ಮ ಕಡೆಯವರನ್ನೂ ನೆನಪಿಸಿಕೋ. ಇಂಡಿಯಾದಿಂದ ಹಡಗುಗಳಲ್ಲಿ ದುಡಿಯುತ್ತಾ ಬಂದ ಲಸ್ಕರ್ ನಾವಿಕರು ವಾಪಸ್ ಹೋಗಲು ಹಡಗು ಸಿಗುವವರೆಗೆ ಈ ಬಂದರಿನ ಬೀದಿಗಳಲ್ಲೇ ಚಳಿಯಲ್ಲಿ ಕಾಯಬೇಕಿತ್ತು. ಅವರಿಗಾಗಿ ಹತ್ತಿರದ ಲೈಮ್‌ಹೌಸ್‌ನಲ್ಲಿ 1857ರಲ್ಲಿ ಒಂದು ವಸತಿಗೃಹ ತೆರೆದರು. ಹೊರಗೆ ಬಂದು ಸುತ್ತ ನೋಡು. ಎಲ್ಲ ಬ್ಯಾಂಕುಗಳ ಗಾಜಿನ ಗೋಪುರ. ಕಂಟೈನರ್ ಹಡಗು ಬಂದ ಮೇಲೆ ಈ ಡಾಕಿನೊಳಗೆ ಅವು ಹಿಡಿಸಲಿಲ್ಲ, ಕೆಲಸವೆಲ್ಲ ನದಿ ಸಮುದ್ರ ಸೇರುವ ಕಡೆಗಿರುವ ಟಿಲ್ಬರಿ ಬಂದರಿಗೆ ಹೋಯಿತು. 1980ರಲ್ಲಿ ಇದು ಮುಚ್ಚಿತು.

ಮೂರನೆಯ ದಿನ ಗ್ರೀನಿಚ್. ಅಲ್ಲಿಗೆ ರೈಲಿನಲ್ಲಿ ಹೋಗಬೇಡ. ಹೋಗುವಾಗ ವೆಸ್ಟ್‌ಮಿನ್‌ಸ್ಟರ್ ಅಥವಾ ಟವರ್ ಹತ್ತಿರ ಬೋಟು ಹತ್ತು. ಹಡಗುಗಳ ಊರಿಗೆ ನೀರಿನ ಮೇಲೆಯೇ ಹೋಗಬೇಕು. ದಡ ಬರುವ ಮೊದಲೇ ಕಟಿ ಸಾರ್ಕ್ ಹಡಗಿನ ಮೂರು ಕಂಬ ಕಾಣುತ್ತವೆ.

ಈ ಹಡಗಿನ ಹಣೆಬರಹ ನೋಡು. ಚೀನಾದಿಂದ ಟೀ ಪುಡಿಯನ್ನು ಎಲ್ಲರಿಗಿಂತ ಮೊದಲು ತರಬೇಕು ಅಂತ ಕಟ್ಟಿದ್ದು. 1869ರ ನವೆಂಬರ್ 22ಕ್ಕೆ ನೀರಿಗಿಳಿಯಿತು. ಅದಕ್ಕೆ ಐದು ದಿನ ಮೊದಲು ಸೂಯೆಜ್ ಕಾಲುವೆ ತೆರೆದಿತ್ತು! ಗಾಳಿ ನಂಬಿದ ಹಡಗಿಗೆ ಆ ದಾರಿ ಆಗಿಬರಲಿಲ್ಲ, ಉಗಿ ಹಡಗುಗಳು ಆಫ್ರಿಕಾ ಸುತ್ತದೆ ನೆಟ್ಟಗೆ ಬಂದುಬಿಟ್ಟವು. ಕೆಲವೇ ವರ್ಷದಲ್ಲಿ ಟೀ ಕೈತಪ್ಪಿತು. ಆಮೇಲೆ ಆಸ್ಟ್ರೇಲಿಯಾದ ಉಣ್ಣೆ ಸಾಗಿಸುವಾಗ ಅದಕ್ಕೆ ನಿಜವಾದ ಹೆಸರು ಬಂತು. ಈಗ ಅದನ್ನು ಮೂರು ಮೀಟರಿಗೂ ಹೆಚ್ಚು ಎತ್ತಿ ನಿಲ್ಲಿಸಿದ್ದಾರೆ. ಹೊಟ್ಟೆಯ ಅಡಿಗೆ ನಡೆದು ಹೋಗಬಹುದು. ಹಿತ್ತಾಳೆ ಬಣ್ಣದ ತಗಡಿನ ಹೊದಿಕೆ, ಮುಂದಕ್ಕೆ ಹೋಗುತ್ತಾ ಚೂಪಾಗುತ್ತದೆ. ಪಾಚಿ, ಚಿಪ್ಪು ಅಂಟಿ ವೇಗ ಕುಗ್ಗಬಾರದು ಅಂತ ಆ ಹೊದಿಕೆ. 2007ರಲ್ಲಿ ಬೆಂಕಿ ಬಿತ್ತು. ದುರಸ್ತಿಗೆಂದು ಕಂಬಗಳನ್ನೂ ಎಷ್ಟೋ ಹಲಗೆಗಳನ್ನೂ ಬಿಚ್ಚಿ ಬೇರೆ ಕಡೆ ಇಟ್ಟಿದ್ದರಿಂದ ಉಳಿಯಿತು.

ಪಕ್ಕದ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂ ಉಚಿತ, ಮತ್ತು ವಿಪರೀತ ದೊಡ್ಡದು. ಪೂರ್ತಿ ನೋಡುವ ಆಸೆ ಬಿಟ್ಟುಬಿಡು. ಬ್ರಿಟಿಷ್ ನೌಕಾಪಡೆಯ ದಳಪತಿ ನೆಲ್ಸನ್‌ನ ಕೋಟು ಎಲ್ಲಿದೆ ಅಂತ ಕೇಳಿಕೊಂಡು ಅಲ್ಲಿಗೆ ಹೋಗು. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕದನದಲ್ಲಿ ಗುಂಡು ತಗುಲಿದಾಗ ತೊಟ್ಟಿದ್ದು. ಎಡ ಭುಜದ ಹತ್ತಿರ ತೂತು ಇದೆ, ಸಣ್ಣದು. ಟ್ರಫಾಲ್ಗರ್ ಚೌಕದಲ್ಲಿ ಪ್ರತಿಮೆಯಾಗಿ ಆಕಾಶದೆತ್ತರ ನಿಂತಿರುವ ಮನುಷ್ಯ ಎಷ್ಟು ಸಣ್ಣ ಆಳು ಅನ್ನುವುದು ಆ ಕೋಟಿನಲ್ಲಿ ಗೊತ್ತಾಗುತ್ತದೆ. ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಗ್ಯಾಲರಿ ನೋಡು. ಅಲ್ಲಿ ಬರೆದದ್ದನ್ನು ಓದುವಾಗ ಏನು ಹೇಳಿದ್ದಾರೆ, ಏನು ಬಿಟ್ಟಿದ್ದಾರೆ ಎರಡನ್ನೂ ಗಮನಿಸು. ನೀನು ಆ ಕಥೆಯ ಇನ್ನೊಂದು ತುದಿಯಿಂದ ಹೋದವಳು.

ಶಕ್ತಿ ಉಳಿದಿದ್ದರೆ ಗುಡ್ಡ ಹತ್ತಿ ರಾಯಲ್ ಅಬ್ಸರ್ವೇಟರಿ ಅನ್ನುವ ಹಳೇ ಖಗೋಳ ವೀಕ್ಷಣಾಲಯಕ್ಕೆ ಹೋಗು. ಅಲ್ಲಿ ಟಿಕೆಟ್ ಇದೆ. ಯಾವ ಭಾಗ ತೆರೆದಿದೆ ಅಂತ ಮೊದಲೇ ನೋಡಿಕೋ. ಸೊನ್ನೆ ರೇಖಾಂಶದ ಗೆರೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ಫೋಟೋ ತೆಗೆಸಿಕೊಳ್ಳಲು ದೊಡ್ಡ ಕ್ಯೂ ಇರುತ್ತದೆ. ಅದನ್ನು ಬಿಟ್ಟರೂ ನಷ್ಟ ಇಲ್ಲ. ಜಾನ್ ಹ್ಯಾರಿಸನ್‌ನ ಗಡಿಯಾರಗಳನ್ನು ಮಾತ್ರ ಬಿಡಬೇಡ. ಸಮುದ್ರದಲ್ಲಿ ಪೂರ್ವ-ಪಶ್ಚಿಮವಾಗಿ ಎಲ್ಲಿದ್ದೇವೆ ಅಂತ ನಾವಿಕರು ಲೆಕ್ಕ ಹಾಕಲಿ ಅಂತ ಮಾಡಿದ್ದು ಅವು. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ಸಮಭಾಜಕದ ಹತ್ತಿರ ಒಂದು ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರ್. ಹಡಗಿನ ಗಡಿಯಾರ ನಾಲ್ಕು ನಿಮಿಷ ತಪ್ಪಿದರೆ ನಾವಿಕ ಅಷ್ಟು ದೂರ ತಪ್ಪಿದ ಅಂತಲೇ ಲೆಕ್ಕ. ಬಡಗಿ ಕೆಲಸ ಕಲಿತಿದ್ದ ಈ ಮನುಷ್ಯ ಮೊದಲು ದೊಡ್ಡ ದೊಡ್ಡ ಯಂತ್ರ ಮಾಡಿದ. ದಶಕಗಳು ಕಳೆದ ಮೇಲೆ ಅಂಗೈಗಿಂತ ಸ್ವಲ್ಪ ದೊಡ್ಡ ಒಂದು ವಾಚು ಮಾಡಿದ. 1761ರಲ್ಲಿ ಅದನ್ನು ಹಿಡಿದು ಅವನ ಮಗ ಜಮೈಕಾಗೆ ಹೊರಟ. ಅಲ್ಲಿ ತಲುಪಿದಾಗ ಲೆಕ್ಕಕ್ಕೆ ಬಂದ ವ್ಯತ್ಯಾಸ ಸುಮಾರು 5 ಸೆಕೆಂಡು. ಅಬ್ಸರ್ವೇಟರಿಯ ಗೋಪುರದ ಮೇಲಿನ ಕೆಂಪು ಚೆಂಡು ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಬೀಳುತ್ತದೆ, 1833ರಿಂದ ಬಂದ ರೂಢಿ. ನದಿಯಲ್ಲಿದ್ದ ಹಡಗುಗಳು ಅದನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದವು. ಐದು ನಿಮಿಷ ಮೊದಲೇ ಹೋಗಿ ನಿಲ್ಲು.

ವಾಪಸ್ ಬರುವಾಗ ಕಟಿ ಸಾರ್ಕ್ ಪಕ್ಕದ ಗುಮ್ಮಟದಿಂದ ಇಳಿದರೆ 1902ರ ಕಾಲುನಡಿಗೆಯ ಸುರಂಗ. ಥೇಮ್ಸ್ ನದಿಯ ಅಡಿಯಲ್ಲೇ ನಡೆದು ಆಚೆ ದಡ ಸೇರಬಹುದು, ದುಡ್ಡು ಕೊಡಬೇಕಿಲ್ಲ. ಮಕ್ಕಳಿಗೆ ಮೂರೂ ಮ್ಯೂಸಿಯಂಗಿಂತ ಇದೇ ನೆನಪಿರುತ್ತದೆ ಅಂತ ನನ್ನ ಅಂದಾಜು. ಆಚೆ ಕಡೆ ಡಿ.ಎಲ್.ಆರ್. ಸಿಗುತ್ತದೆ.

ಒಂದು ದಿನಕ್ಕೆ ಒಂದೇ ಮ್ಯೂಸಿಯಂ, ಅದೂ ಬೆಳಿಗ್ಗೆ. ಶಾಲೆಯ ಮಕ್ಕಳ ಗುಂಪು ಬರುವ ಮೊದಲು ಒಳಗಿರು. ಎಲ್ಲ ಫಲಕ ಓದುತ್ತಾ ನಿಲ್ಲಬೇಡ. ಗಂಡನಿಗೂ ಹೇಳು, ಅವನಿಗೆ ಆ ಅಭ್ಯಾಸ ಇದೆ. ಗ್ರೀನಿಚ್‌ಗೆ ಯಾವ ದಿನ ಅಂತ ಗೊತ್ತಾದ ಕೂಡಲೇ ಒಂದು ಮೆಸೇಜ್ ಹಾಕು. ಒಂದು ಗಂಟೆಯ ಚೆಂಡಿಗೆ ಸರಿಹೋಗುವ ಬೋಟು ಯಾವುದು ಅಂತ ನಾನೇ ನೋಡಿ ಹೇಳುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ